ಕಿಂಡಿಯ ಮೇಲಿನ ಚೀಟಿ

ಮೈಸೂರಿನಿಂದ ಹೊರಟ ರೈಲು ಮಾರನೆಯ ಬೆಳಗ್ಗೆ ವಿಜಯಪುರದಲ್ಲಿ ನನ್ನನ್ನು ಇಳಿಸಿದಾಗ ಪ್ಲಾಟ್‌ಫಾರ್ಮು ಆಗಲೇ ಕಾದಿತ್ತು. ಮೇ ತಿಂಗಳು. ಎದುರು ಸೀಟಿನ ದಂಪತಿ ದಾರಿಯುದ್ದಕ್ಕೂ ನನ್ನನ್ನು ವಿಚಾರಿಸಿಕೊಂಡಿದ್ದರು. ಗುಮ್ಮಟ ನೋಡೋಕಾ ಎಂದರು, ಅಲ್ಲ ಎಂದೆ. ಸಂಬಂಧಿಕರಿದ್ದಾರಾ ಎಂದರು, ಇಲ್ಲ ಎಂದೆ. ಒಂದು ಹಳೇ ಕಂಪ್ಯೂಟರ್ ನೋಡೋಕೆ ಹೋಗ್ತಿದ್ದೀನಿ ಎಂದ ಮೇಲೆ ಅವರು ನನ್ನ ಜೊತೆ ಮಾತು ಕಡಿಮೆ ಮಾಡಿ, ಹೋಳಿಗೆ ಮಾತ್ರ ಕೊಟ್ಟರು. ಬುದ್ಧಿ ನೆಟ್ಟಗಿಲ್ಲದವರ ಮೇಲೆ ನಮ್ಮ ಜನಕ್ಕೆ ಅಷ್ಟು ಕರುಣೆ ಇದೆ.

ಅವರ ಅನುಮಾನ ಪೂರ್ತಿ ಸುಳ್ಳಲ್ಲ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಎಂಟು ಬಿಟ್‌ನ ಮನೆ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತ ಕಾಲ ಕಳೆಯುತ್ತೇನೆ. ಸುಮಾರು ನಲವತ್ತು ವರ್ಷದ ಹಿಂದೆ ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಸಿ ನಡೆಸುತ್ತಿದ್ದ ಯಂತ್ರಗಳು ಅವು. ಕೀಲಿಮಣೆಯ ಹೊಟ್ಟೆಯಲ್ಲೇ ಎಲ್ಲವೂ ಇರುತ್ತದೆ. ಇವತ್ತಿನ ಮೊಬೈಲಿನ ಒಂದೇ ಒಂದು ಫೋಟೋ ಹಿಡಿಸುವಷ್ಟು ನೆನಪಿನ ಶಕ್ತಿಯೂ ಅವಕ್ಕಿಲ್ಲ. ಇಂಥ ಯಂತ್ರಗಳ ಸೋರಿದ ಕೆಪಾಸಿಟರು ಬದಲಿಸುವ, ಚಿಪ್ಪುಗಳನ್ನು ಕೂರಿಸಿದ ಹೊಸ ನೆನಪಿನ ಹಲಗೆ ಜೋಡಿಸುವ, ಸತ್ತದ್ದನ್ನು ಎಬ್ಬಿಸಿ ಕುಣಿದಾಡುವ ಹುಚ್ಚರು ಊರಿಗೊಬ್ಬರಿಬ್ಬರು ಇದ್ದೇವೆ. ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡು ಒಬ್ಬರಿಗೊಬ್ಬರು ಫೋಟೋ ಕಳಿಸಿ ಶಹಬ್ಬಾಸ್‌ಗಿರಿ ಕೊಟ್ಟುಕೊಳ್ಳುತ್ತೇವೆ.

ವಿಜಯಪುರದ ಗುರುಪಾದ ಆ ಗುಂಪಿನಲ್ಲಿದ್ದ. ಸ್ಟೇಷನ್ ರಸ್ತೆಯಲ್ಲಿ ಅವನದು ಬ್ಯಾಟರಿ ಮತ್ತು ಯುಪಿಎಸ್ ಅಂಗಡಿ. ಬೇಸಿಗೆಯ ಮೊದಲಲ್ಲಿ ಅವನೊಂದು ಫೋಟೋ ಹಾಕಿದ್ದ: ತಿಕೋಟಾದ ಗುಜರಿಯಲ್ಲಿ ಸಿಕ್ಕ, ಹಳದಿಗಟ್ಟಿದ, ಮುಚ್ಚಳ ತೆರೆದ ಯಂತ್ರ. ಫೋಟೋ ಹಿಗ್ಗಿಸಿದಾಗ ಒಂದು ಚಿಪ್ಪಿನ ಮೇಲೆ ಕೈಬರಹದ ಚೀಟಿ ಕಾಣಿಸಿತು. ‘ಕನ್ನಡ ಅಕ್ಷರ. ಸು. ಕಾಂಬಳೆ, ತಿಕೋಟಾ.’ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಈ ಯಂತ್ರಗಳಲ್ಲಿ ಪ್ರತಿ ಅಕ್ಷರಕ್ಕೂ ಸಿಗುವುದು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಒಂದು ಗೂಡು. ಇಂಗ್ಲಿಷಿನ ಅಕ್ಷರ ಅದರಲ್ಲಿ ಕಾಲು ಚಾಚಿ ಕೂರುತ್ತದೆ. ನಮ್ಮ ‘ಣ’ವನ್ನು, ‘ಝ’ವನ್ನು ಅದರೊಳಗೆ ಕೂರಿಸಿದವರು ಯಾರು, ಹೇಗೆ? ವಿಚಾರಿಸುತ್ತ ವಿಚಾರಿಸುತ್ತ ಕೊನೆಗೆ ಪತ್ತೆಯಾಯಿತು: ಸುಮಿತ್ರಾ ಕಾಂಬಳೆ, ತಿಕೋಟಾದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು, ಈಗ ನಿವೃತ್ತರು, ಜಲನಗರದಲ್ಲಿ ವಾಸ. ಫೋನು ಮಾಡಿದೆ. ಯಂತ್ರ ಸಿಕ್ಕಿದ ವಿಷಯ ಹೇಳಿದೆ. ಅವರು ಕೇಳಿದರು, “ಅದು ಇನ್ನೂ ಐತೇನ್ರಿ?”

ಇದೆ, ಬಂದು ಅದರ ನಕಲು ತೆಗೆದುಕೊಡುತ್ತೇನೆ, ನೀವು ಟಿವಿಯಲ್ಲಿ ನಿಮ್ಮ ಅಕ್ಷರ ನೋಡಬಹುದು ಎಂದು ಮಾತು ಕೊಟ್ಟೆ. ಗುರುಪಾದನಿಗೂ ಹೇಳಿದೆ. ಅವನು ಖುಷಿಯಾಗಿ, ಭಾನುವಾರ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರದರ್ಶನವನ್ನೇ ಇಟ್ಟುಬಿಡೋಣ ಎಂದ. ಈಚೆಗೆ ಏನೋ ಸಣ್ಣ ತೊಂದರೆ ಬಂದಿದೆ, ಬಂದವರು ಅದನ್ನೂ ನೋಡಿ ಎಂದ. ಹಾಗೆ ನಾನು ಸೋಲ್ಡರಿಂಗ್ ಕಡ್ಡಿ, ಮೀಟರು, ಚಿಪ್ಪು ಓದುವ, ಬರೆಯುವ ಪುಟ್ಟ ಯಂತ್ರ, ಎರಡು ಅಂಗಿ ತುಂಬಿಕೊಂಡು ಶುಕ್ರವಾರ ಬೆಳಗ್ಗೆ ಇಲ್ಲಿ ಬಂದಿಳಿದದ್ದು.

ಸ್ಟೇಷನ್ ರಸ್ತೆಗೆ ಆಟೋದವನು ಐವತ್ತು ಕೇಳಿದ. ನಡೆದೇ ಹೋದೆ, ಹೋಗಿ ಪಶ್ಚಾತ್ತಾಪಪಟ್ಟೆ. ದಾರಿಯಲ್ಲಿ ಒಂದು ತಳ್ಳುಗಾಡಿಯಲ್ಲಿ ಸುಸಲಾ, ಮಿರ್ಚಿ ಭಜಿ ತಿಂದೆ. ಚುರುಮುರಿಯನ್ನು ನೆನೆಸಿ ಒಗ್ಗರಣೆ ಹಾಕಿದ ಈ ತಿಂಡಿಯ ಮುಂದೆ ನಮ್ಮ ಕಡೆಯ ಉಪ್ಪಿಟ್ಟು ಸಪ್ಪೆ. ಇಡೀ ಪ್ರವಾಸದಲ್ಲಿ ನಾನು ಮನಸ್ಸು ಬಿಚ್ಚಿ ಹೊಗಳುವಂಥದ್ದು ಇದೊಂದೇ ಎಂದು ಆಗ ಗೊತ್ತಿರಲಿಲ್ಲ.

ಗುರುಪಾದ ನಲವತ್ತೈದರ ಆಸುಪಾಸಿನ, ದುಂಡು ಮುಖದ, ಒಳ್ಳೆಯ ಮನುಷ್ಯ. ಒಳ್ಳೆಯವನು ಎಂಬುದನ್ನು ಈಗಲೇ ಬರೆದುಬಿಡುತ್ತೇನೆ, ಮುಂದೆ ಬರೆಯುವ ಮನಸ್ಸು ಬಾರದೆ ಹೋಗಬಹುದು. ಚಹಾ ತರಿಸಿದ, ಫ್ಯಾನನ್ನು ನನ್ನ ಕಡೆ ತಿರುಗಿಸಿದ, ಆಮೇಲೆ ಕೆಂಪು ಮಖಮಲ್ಲಿನ ಬಟ್ಟೆ ಎತ್ತಿದ. ಯಂತ್ರ ಹಾಲಿನ ಹಾಗೆ ಬೆಳ್ಳಗಿತ್ತು.

“ಹೆಂಗೈತ್ರಿ ಸರ? ಅರಿಶಿನ ಹಚ್ಚಿದಂಗ ಇತ್ತಲ್ಲ, ಈಗ ನೋಡ್ರಿ! ಸಲೂನಿನ್ಯಾಗ ಕೂದಲಿಗೆ ಹಚ್ತಾರಲ್ಲ, ಆ ಕ್ರೀಮು ಬಡದು ಮಾಳಗಿ ಮ್ಯಾಲ ಬಿಸಲಿಗಿ ಇಟ್ವಿ. ನಿಮ್ಮ ಮೈಸೂರಾಗ ತಿಂಗಳ ಹಿಡೀತದ. ನಮ್ಮ ಬಿಸಲಿಗಿ ನಾಕ ದಿನ ಸಾಕ್ರಿ.”

ಹಳೆಯ ಪ್ಲಾಸ್ಟಿಕ್ಕನ್ನು ಬಿಳಿ ಮಾಡಲು ನಮ್ಮ ಹವ್ಯಾಸಿಗಳೆಲ್ಲ ಮಾಡುವ ಉಪಾಯ ಅದು. ಅದರಲ್ಲಿ ತಪ್ಪೇನಿಲ್ಲ. ಚೆನ್ನಾಗಿದೆ, ತೊಂದರೆ ಏನು ಎಂದೆ. ಟಿವಿ ಹಚ್ಚಿ, ಯಂತ್ರದ ಜೊತೆ ಸಿಕ್ಕಿದ್ದ ಕ್ಯಾಸೆಟ್ಟಿನ ಪ್ರೋಗ್ರಾಂ ತುಂಬಿಸಿ, ಒಂದು ಕೀಲಿ ಒತ್ತಿದ. ಪರದೆಯ ಮೇಲೆ ಒಂದು ಬಿಳಿ ಚೌಕ ಮೂಡಿತು. ಇನ್ನೊಂದು ಕೀಲಿ ಒತ್ತಿದ. ಇನ್ನೊಂದು ಬಿಳಿ ಚೌಕ.

“ಇಂಗ್ಲಿಷ್ ಬರೋಬ್ಬರಿ ಬರ್ತದ. ಕನ್ನಡಕ್ಕ ಅಷ್ಟ ಹಿಂಗ. ಆ ಅಕ್ಷರದ ಚಿಪ್ಪೊಂದು ಬಿಟ್ಟು ನೆನಪಿನ ಚಿಪ್ಪು ಎಲ್ಲಾ ಬದಲ ಮಾಡೇನಿ, ಕೆಪಾಸಿಟರ್ ಬದಲ ಮಾಡೇನಿ, ಎರಡ ವಾರದಿಂದ ತಲಿ ಕೆಟ್ಟ ಹೋಗೇತ್ರಿ. ತೊಳೀಕಿಂತ ಮೊದಲ ಅಕ್ಷರ ಬಂದಿದ್ವು. ನಾನ ಕಣ್ಣಿಲೆ ನೋಡೇನಿ.”

“ತೊಳೆಯೋದಕ್ಕಿಂತ ಮೊದಲು?” ಎಂದೆ.

“ಹೌದ್ರಿ. ಒಳಗಿನ ಹಲಗಿ ಚಿಪ್ಪು ಸಮೇತ ಸಾಬೂನು ನೀರಾಗ ತಿಕ್ಕಿ ತೊಳದು, ಅದನ್ನೂ ಮಾಳಗಿ ಮ್ಯಾಲ ಇಟ್ಟಿದ್ದೆ. ಲಗ್ನದ ಹಂಗಾಮು, ಅಂಗಡ್ಯಾಗ ಗದ್ದಲ, ಅಲ್ಲೇ ಮರತಬಿಟ್ಟೆ. ಹತ್ತ ಹನ್ನೆರಡ ದಿನ ಬಿಸಲಾಗ ಇತ್ತು. ಛಲೋನ ಆತು, ಒಂದು ಹನಿ ನೀರು ಉಳದಿಲ್ಲ.”

ಮುಚ್ಚಳ ತೆಗೆಸಿದೆ. ಹಲಗೆ ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು. ಆ ಚಿಪ್ಪಿನ ಮೇಲೆ ಚೀಟಿ ಇರಲಿಲ್ಲ. ಅದರ ನೆತ್ತಿಯ ಗಾಜಿನ ಕಿಂಡಿ ಫಳಫಳ ಹೊಳೆಯುತ್ತಿತ್ತು.

“ಚೀಟಿ ಎಲ್ಲಿ?”

“ಯಾವ ಚೀಟಿ? ಓ, ಅದಾ? ಹೊಲಸಾಗಿತ್ರಿ, ಗೋಂದು ಕರ್ರಗಾಗಿತ್ತು. ಸ್ಪಿರಿಟ್ ಹಚ್ಚಿ ಕಿತ್ತ ಒಗದೆ.”

ಓದುಗರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಕಿಂಡಿ ಇರುವ ಚಿಪ್ಪಿನಲ್ಲಿ ಬರೆದದ್ದು ವಿದ್ಯುತ್ ಇಲ್ಲದೆಯೂ ಹತ್ತಾರು ವರ್ಷ ಉಳಿಯುತ್ತದೆ. ಆದರೆ ಆ ಕಿಂಡಿಯೊಳಗೆ ಬಿರುಬಿಸಿಲು ದಿನಗಟ್ಟಲೆ ಬಿದ್ದರೆ ಎಲ್ಲವೂ ಅಳಿಸಿಹೋಗುತ್ತದೆ. ಬೇಕೆಂದಾಗ ಅಳಿಸಿ ಮತ್ತೆ ಬರೆಯಲೆಂದೇ ಕಿಂಡಿ ಇಟ್ಟಿರುವುದು. ಅಳಿಸಬಾರದು ಎಂದರೆ ಅದರ ಮೇಲೆ ಚೀಟಿ ಅಂಟಿಸಬೇಕು. ಗುರುಪಾದ ಅಲ್ಲಿಯವರೆಗೆ ರಿಪೇರಿ ಮಾಡಿದ್ದ ಯಂತ್ರಗಳಲ್ಲಿ ಇದ್ದದ್ದು ಕಾರ್ಖಾನೆಯ ಚಿಪ್ಪುಗಳು, ಕಿಂಡಿಯಿಲ್ಲದವು. ಬಟ್ಟೆ ಒಗೆದ ಹಾಗೆ ಒಗೆದು ಒಣಹಾಕಿದರೂ ಅವಕ್ಕೆ ಏನೂ ಆಗುವುದಿಲ್ಲ.

ನನ್ನ ಓದುವ ಯಂತ್ರಕ್ಕೆ ಚಿಪ್ಪು ಸಿಕ್ಕಿಸಿ ನೋಡಿದೆ. ಮೊದಲಿನಿಂದ ಕೊನೆಯ ತನಕ ಒಂದೇ ಉತ್ತರ. ಅಳಿಸಿದ ಚಿಪ್ಪು ಖಾಲಿಯಾಗುವುದಿಲ್ಲ, ತುಂಬಿಕೊಳ್ಳುತ್ತದೆ. ಪ್ರತಿ ಚುಕ್ಕಿಯೂ ಹೊತ್ತಿಕೊಳ್ಳುತ್ತದೆ. ಅದಕ್ಕೇ ಬಿಳಿ ಚೌಕ. ಗುರುಪಾದ ಎರಡು ವಾರ ಹುಡುಕಿದ ದೋಷ ಯಂತ್ರದಲ್ಲಿರಲಿಲ್ಲ, ಅವನ ಶುಚಿತ್ವದಲ್ಲಿತ್ತು.

ನಾನು ಕೂಗಾಡಿದೆ. ಅಕ್ಷರ ಬಂದಾಗ ಪರದೆಯ ಫೋಟೋನಾದರೂ ತೆಗೆದಿದ್ದೀಯಾ ಎಂದು ಕೇಳಿದೆ. ಅವನು ಮೊಬೈಲು ತೆರೆದು ಒಂದೊಂದೇ ಸರಿಸಿದ. ಹಳದಿ ಮುಚ್ಚಳ, ಅರ್ಧ ಬಿಳಿಯಾದ ಮುಚ್ಚಳ, ಪೂರ್ತಿ ಬಿಳಿಯಾದ ಮುಚ್ಚಳ, ಮುಚ್ಚಳದ ಪಕ್ಕ ಬೆರಳೆತ್ತಿ ನಗುತ್ತಿರುವ ಗುರುಪಾದ. ಪರದೆಯದು ಒಂದೂ ಇಲ್ಲ.

“ಬಿಳಿ ಆಗೂದ ನೋಡೂದ್ರಾಗ ಅದರ ಧ್ಯಾಸಾನ ಬರಲಿಲ್ರಿ,” ಎಂದು ಅವನು ಕುರ್ಚಿಯಲ್ಲಿ ಕುಸಿದ.

ಸಂಜೆ ಜಲನಗರಕ್ಕೆ ನಾನೊಬ್ಬನೇ ಹೋದೆ. ದವಾಖಾನೆಯ ಹಿಂದಿನ ಓಣಿಯಲ್ಲಿ ಚಿಕ್ಕ ಚೊಕ್ಕ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಸುಮಿತ್ರಾ ಬಾಯಿಯವರು ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಕಾಯುತ್ತಿದ್ದರು. ಮುಖ ನೋಡಿಯೇ ಅವರಿಗೆ ಅರ್ಧ ತಿಳಿಯಿತು. ಉಳಿದರ್ಧ ನಾನು ಹೇಳಿದೆ. ಅವರು ಎದ್ದು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಸಕ್ಕರೆ ಹಾಕುವುದು ಮರೆತಿದ್ದರು. ನಾನು ಹಾಗೇ ಕುಡಿದೆ.

“ಸಾಲಿ ಬಿಟ್ಟ ಮ್ಯಾಲ ದಿನಾ ಕುಂದರತಿದ್ದೆ,” ಎಂದರು. “ಚೌಕ ಹಾಳ್ಯಾಗ ಚುಕ್ಕಿ ತುಂಬಸ್ಕೋಂತ. ಣ ಕುಂದರಲಿಲ್ಲ ನೋಡ್ರಿ, ಅದಕ್ಕ ಎರಡ ಮನಿ ಕೊಟ್ಟೆ. ಒತ್ತಕ್ಷರಕ್ಕ ಕೆಳಗಿನ ಸಾಲಿನಾಗ ಅರ್ಧ ಜಾಗಾ ಕಸಗೊಂಡೆ. ಪೂರಾ ಒಂದು ವರ್ಷ ಹಿಡೀತು. ಚಿಪ್ಪಿನ್ಯಾಗ ತುಂಬಿಕೊಟ್ಟವರು, ಬಾಯಾರ ಇದಕ್ಕ ಬೆಳಕ ಬೀಳಬಾರದು, ಚೀಟಿ ಹಚ್ಚರಿ ಅಂದ್ರು. ಬರೇ ಚೀಟಿ ಹೆಂಗ ಹಚ್ಚೂದು? ಅದಕ್ಕ ಹೆಸರ ಬರದೆ.”

ಶಾಲೆಯಲ್ಲಿ ಏನೆಂದರು ಎಂದು ಕೇಳಿದೆ. ಅವರು ನಕ್ಕರು. ನನಗೆ ಆ ನಗು ಇಷ್ಟವಾಗಲಿಲ್ಲ.

“ಇಲಾಖಿ ಸಾಹೇಬರು ಅಕ್ಷರ ನೋಡಾಕ ಬಂದ ದಿನ ಹೆಡ್‌ಮಾಸ್ತರು ನನಗ ಚಾದ ವ್ಯವಸ್ಥಾ ನೋಡು ಅಂದ್ರು. ಮನ್ಯಾಗಿಂದ ತರಬ್ಯಾಡ, ಹೋಟೆಲಿನಿಂದ ತರಸು ಅಂದ್ರು. ನನ್ನ ಕೈಯಾನ ಚಾ ಯಾರೂ ಕುಡೀತಿರಲಿಲ್ಲ. ನಾ ಕಪ್ಪು ಎಣಿಸಿಕೊಂಡು ಬರೂದ್ರಾಗ, ಅಕ್ಷರ ಮಾಡಿದವರು ಹೆಡ್‌ಮಾಸ್ತರ ಅಂತ ಚಪ್ಪಾಳಿ ಆಗಿ ಹೋಗಿತ್ತು. ಇರಲಿ ಅಂದ್ಕೊಂಡೆ, ಒಳಗ ನನ್ನ ಚೀಟಿ ಐತಲ್ಲ ಅಂತ. ನನ್ನ ಹೆಸರಿಗಿ ಅಷ್ಟ ಜಾಗಾ ಸಿಕ್ಕಿತ್ರಿ, ಬೆರಳಿನ ಉಗುರಿನಷ್ಟು.”

ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು. ಚಿಪ್ಪು ಒಂದಲ್ಲ, ಎರಡು ಮಾಡಿಸಿದ್ದರು. ಎರಡನೆಯದು ಬಬಲೇಶ್ವರದ ಇನ್ನೊಂದು ಶಾಲೆಯ ಯಂತ್ರಕ್ಕೆ ಹೋಗಿತ್ತು. ಚೌಕದ ಹಾಳೆಗಳು ತಿಕೋಟಾದ ಶಾಲೆಯ ಕಪಾಟಿನಲ್ಲಿ ಉಳಿದಿದ್ದವು. ನಾನು ತಕ್ಷಣ ಗುರುಪಾದನಿಗೆ ಫೋನು ಮಾಡಿದೆ. ಬಬಲೇಶ್ವರದಲ್ಲಿ ಅಂಥದೇ ಯಂತ್ರ ಇಟ್ಟುಕೊಂಡಿರುವ ಸಂಗಪ್ಪ ಎಂಬ ಹವ್ಯಾಸಿ ಅವನಿಗೆ ಪರಿಚಯ. ಬೆಳಗ್ಗೆ ತನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದ.

ಶನಿವಾರ ಹೊರಟೆವು. ಬಾಯಿಯವರು ಮುಂದೆ, ನಾನು ಹಿಂದೆ. ಗುರುಪಾದ ಅವರ ಕಾಲು ಮುಟ್ಟಲು ಬಗ್ಗಿದ, ಅವರು ಕಾಲು ಹಿಂದೆ ತೆಗೆದುಕೊಂಡರು. ತಿಕೋಟಾ ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು. ಮುಂದೆ ಕನಮಡಿಯ ಬಸ್ಸು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು, ಅದನ್ನು ದಾಟಲು ಗುರುಪಾದನಿಗೆ ಧೈರ್ಯವಿರಲಿಲ್ಲ. ಇಕ್ಕೆಲದಲ್ಲೂ ದ್ರಾಕ್ಷಿ ತೋಟ, ನಡುನಡುವೆ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು. ನೀರು ಕೇಳಲು ಒಂದು ಶೆಡ್ಡಿನ ಬಳಿ ನಿಲ್ಲಿಸಿದೆವು. ಒಳಗೆ ಹಸಿರು ಬಲೆಯ ಪರದೆ ಇಳಿಬಿಟ್ಟು, ಅಟ್ಟಣಿಗೆಯ ಮೇಲೆ ಹಣ್ಣು ಹರಡಿದ್ದರು. ಇಷ್ಟು ಬಿಸಿಲಿದ್ದೂ ನೆರಳಲ್ಲಿ ಯಾಕೆ ಎಂದು ಕೇಳಿದೆ.

“ಬಿಸಲ ಬಿದ್ದರ ಕರ್ರಗಾಗ್ತಾವ್ರಿ, ಮಾಲು ಕೆಡ್ತದ,” ಎಂದಳು ಹಣ್ಣು ಆರಿಸುತ್ತಿದ್ದ ಹೆಂಗಸು. ಗುರುಪಾದ ಕಾರಿನ ಕಡೆ ನಡೆದುಬಿಟ್ಟ.

ಶಾಲೆಯಲ್ಲಿ ರಜೆ. ಬೀಗ ತೆಗೆದ ಸಿಪಾಯಿ ಬಾಯಿಯವರನ್ನು ಗುರುತು ಹಿಡಿದು ಕುರ್ಚಿ ಒರೆಸಿದ. ಕಪಾಟು ಇದ್ದ ಜಾಗದಲ್ಲಿ ಗೋಡೆಯಗಲದ ಹೊಸ ಟಿವಿ ಇತ್ತು. ಹಳೆಯ ಕಪಾಟು, ಕಾಗದ, ಯಂತ್ರ ಎಲ್ಲವನ್ನೂ ಒಂದೇ ಗಾಡಿಯಲ್ಲಿ ಗುಜರಿಗೆ ಹಾಕಿದ್ದರಂತೆ. “ಯಂತ್ರ ಒಂದು ತೂಕಕ್ಕ ಹೋತ್ರಿ, ಕಾಗದ ಒಂದು ತೂಕಕ್ಕ,” ಎಂದ. ಬಾಯಿಯವರು ತಾವು ಕುಳಿತುಕೊಳ್ಳುತ್ತಿದ್ದ ಕಿಟಕಿಯನ್ನು ಒಮ್ಮೆ ನೋಡಿ, ನಡೀರಿ ಎಂದರು.

ಖಾನಾವಳಿಯಲ್ಲಿ ಕಡಕ್ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಮೂವರಲ್ಲಿ ಹೊಟ್ಟೆ ತುಂಬ ತಿಂದವನು ನಾನೊಬ್ಬನೇ. ಅಕ್ಷರಗಳನ್ನು ಮತ್ತೆ ಬರೆಯಬಹುದಲ್ಲ ಎಂದು ಬಾಯಿಯವರಿಗೆ ಹೇಳಿದೆ. ಹೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತು.

“ಎಲ್ಲಿ ನೆನಪ ಐತ್ರಿ? ಣ ಒಂದು, ಳ ಒಂದು. ಉಳದದ್ದು ಈಗ ಬರದರ ಈಗಿನದಾಗ್ತದ. ಅವತ್ತಿಂದು ಅದು ಹೆಂಗಾದೀತು?”

ಬಬಲೇಶ್ವರ ತಲುಪಿದಾಗ ಮಧ್ಯಾಹ್ನ ತಿರುಗಿತ್ತು. ಸಂಗಪ್ಪ ಮಣೂಕದ ವ್ಯಾಪಾರಿ, ಮಾತುಗಾರ. ಅಂಗಡಿಯ ಹಿಂದಿನ ಕೋಣೆಗೆ ಎಸಿ ಹಾಕಿಸಿ ಯಂತ್ರ ಇಟ್ಟಿದ್ದ. ಅವನದು ವಿಸ್ತರಣೆಯ ಹುಚ್ಚು. ಹಳೆಯ ಯಂತ್ರಕ್ಕೆ ಹೊಸ ನೆನಪಿನ ಹಲಗೆ, ಕ್ಯಾಸೆಟ್ಟಿನ ಬದಲು ಮೆಮೊರಿ ಕಾರ್ಡು, ಒಳಗೆ ಬಣ್ಣಬಣ್ಣದ ದೀಪ. ಮುಚ್ಚಳ ತೆಗೆದು ಒಂದೊಂದನ್ನೂ ವರ್ಣಿಸಿದ. ಕನ್ನಡದ ಚಿಪ್ಪಿನ ಕಾಲುಗಳು ಕೂರಬೇಕಾದ ಗುಳಿಗಳಲ್ಲಿ ಹೊಸ ಹಲಗೆ ಕೂತಿತ್ತು.

“ಇಲ್ಲಿ ಒಂದು ಹಳೇ ಚಿಪ್ಪು ಇತ್ತಲ್ಲ,” ಎಂದೆ.

“ಇತ್ರಿ, ಇತ್ರಿ! ಹಲಗಿ ಹಾಕಾಕ ಜಾಗಾ ಸಾಲಲಿಲ್ಲ, ತಗದೆ. ಒಗದಿಲ್ಲರಿ ಮತ್ತ, ಅಂಥಾವನಲ್ಲ ನಾ.” ಕಿಸೆಗೆ ಕೈ ಹಾಕಿ ಬೈಕಿನ ಕೀಲಿ ತೆಗೆದ. ಕೀಲಿಯ ಜೊತೆ ಚಿಪ್ಪು ತೂಗುತ್ತಿತ್ತು. ಒಂದು ತುದಿಯಲ್ಲಿ ಡ್ರಿಲ್ಲಿನಿಂದ ತೂತು ಕೊರೆದು ಉಂಗುರ ಪೋಣಿಸಿದ್ದ. “ಮ್ಯಾಲ ಚೀಟಿ ಇತ್ತು, ಕಿತ್ತೆ. ಒಳಗ ನೋಡ್ರಿ ಕಿಂಡ್ಯಾಗ, ಬಂಗಾರದ ಎಳಿ ಹೆಂಗ ಮಿಂಚತಾವ! ಎರಡ ವರ್ಷದಿಂದ ಎಲ್ಲಾರೂ ಕೇಳ್ತಾರ, ಎಲ್ಲಿಂದ ತಂದಿ ಅಂತ.”

ಎರಡು ವರ್ಷ, ಬೈಕಿನ ಮೇಲೆ, ಈ ಸೀಮೆಯ ಬಿಸಿಲಿನಲ್ಲಿ. ತೂತು ಒಳಗಿನ ತಂತಿಗಳನ್ನೂ ಕತ್ತರಿಸಿತ್ತು. ನಾನು ಓದುವ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಬಾಯಿಯವರು ಕೈ ಚಾಚಿ ಚಿಪ್ಪನ್ನು ಬೆರಳಲ್ಲಿ ಹಿಡಿದು ನೋಡಿದರು. ಇದು ಅವರು ಮಾಡಿದ್ದು ಎಂದು ಗುರುಪಾದ ಸಣ್ಣ ದನಿಯಲ್ಲಿ ಹೇಳಿದ ಮೇಲೆ ಸಂಗಪ್ಪನ ಮಾತು ನಿಂತಿತು.

“ಯವ್ವಾ, ಗೊತ್ತಿರಲಿಲ್ರಿ. ಇಟಗೋರಿ, ನೀವ ಇಟಗೋರಿ,” ಎಂದು ಗಡಿಬಿಡಿಯಿಂದ ಉಂಗುರ ಬಿಚ್ಚತೊಡಗಿದ.

“ಇರಲಿ ಬಿಡ್ರಿ. ನಿಮ್ಮ ಕೀಲಿ ಕಳಕೊಂಡೀರಿ,” ಎಂದು ಬಾಯಿಯವರು ವಾಪಸು ಕೊಟ್ಟರು. ಅವನು ಎರಡು ಕಿಲೋ ಮಣೂಕದ ಪೊಟ್ಟಣವನ್ನು ಬಲವಂತವಾಗಿ ಕಾರಿನಲ್ಲಿಟ್ಟ. ಮರಳುವಾಗ ಅದು ನನ್ನ ಪಕ್ಕದ ಸೀಟಿನಲ್ಲಿತ್ತು. ಅದನ್ನು ಕಿಟಕಿಯಾಚೆ ಎಸೆಯಬೇಕೆಂದು ನನಗೆ ಎರಡು ಮೂರು ಸಲ ಅನ್ನಿಸಿತು. ಪ್ರೀತಿಯಿಂದ ಹಾಳುಮಾಡುವವರನ್ನು ಏನು ಮಾಡುವುದು? ದ್ವೇಷದಿಂದ ಮಾಡಿದವರ ಜೊತೆಯಾದರೂ ಜಗಳವಾಡಬಹುದು.

ಭಾನುವಾರ ನನ್ನ ರೈಲು ಸಂಜೆಗೆ. ಬೆಳಗ್ಗೆ ಗುರುಪಾದನ ಅಂಗಡಿಯ ಮೇಲಿನ ಕೋಣೆಗೆ ಹೋದಾಗ ಅವನು ಕಾಯುತ್ತಿದ್ದ. ಕಣ್ಣು ಕೆಂಪಾಗಿದ್ದವು. ಇಂಟರ್‌ನೆಟ್ಟಿನಲ್ಲಿ ಯಾರೋ ಮಾಡಿದ ಕನ್ನಡದ ಚುಕ್ಕಿ ಅಕ್ಷರ ಹುಡುಕಿ ಇಳಿಸಿಕೊಂಡಿದ್ದ. ನನ್ನ ಯಂತ್ರದಿಂದ ಅದನ್ನು ಚಿಪ್ಪಿಗೆ ತುಂಬಿಸಿಕೊಡಬೇಕಂತೆ. ಗೋಡೆಗೆ ಆಳೆತ್ತರದ ಬ್ಯಾನರ್ ಕಟ್ಟಿದ್ದ. ‘ಕನ್ನಡ ಅಕ್ಷರ: ಶ್ರೀಮತಿ ಸುಮಿತ್ರಾ ಕಾಂಬಳೆ, ತಿಕೋಟಾ.’ ಸುತ್ತ ಮಲ್ಲಿಗೆಯ ಮಾಲೆ.

“ಉಗುರಿನಷ್ಟು ಅಂದಿದ್ರಂತಲ್ಲ,” ಎಂದ. “ಈಗ ಗ್ವಾಡಿ ತುಂಬ ಹಾಕೇನ್ರಿ.”

ಅವನ ಕಣ್ಣಲ್ಲಿ ನೀರಿತ್ತು. ನನ್ನ ಕೈ ಚೀಲದ ಕಡೆ ಹೋಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಕಾಲು ಗಂಟೆಯ ಕೆಲಸ. ನೋಡಲು ಬರುವವರಿಗೆ ಯಾವ ‘ಣ’ವಾದರೇನು?

ಬಾಯಿಯವರು ಹತ್ತು ಗಂಟೆಯ ಹೊತ್ತಿಗೆ ಬಂದರು. ಬ್ಯಾನರನ್ನು ಪೂರ್ತಿ ಓದಿದರು. ಗುರುಪಾದ ತನ್ನ ಯೋಜನೆ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡರು. ಆಮೇಲೆ ಯಂತ್ರದ ಮುಂದೆ ಕೂತು, ಚಿಪ್ಪು ಹಾಗೇ ಇರಲಿ, ಟಿವಿ ಹಚ್ಚಿ ಎಂದರು. ಕ್ಯಾಸೆಟ್ಟು ಕಿರುಗುಟ್ಟಿ ಮುಗಿಯಿತು. ಅವರ ಬೆರಳು ಅಷ್ಟು ವರ್ಷದ ಮೇಲೂ ಕೀಲಿ ಹುಡುಕಲಿಲ್ಲ. ಸು ಒತ್ತಿದರು, ಮಿ ಒತ್ತಿದರು, ತ್ರಾ ಒತ್ತಿದರು. ಪರದೆಯ ಮೇಲೆ ಬಿಳಿ ಚೌಕಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತವು. ಬಹಳ ಹೊತ್ತು ಅದನ್ನೇ ನೋಡಿದರು.

“ಗುರುಪಾದ, ಆ ಅಕ್ಷರ ಬೇಕಾದ್ರ ಹಾಕ್ಕೋರಿ. ಜನಾ ಬರ್ತಾರ, ನೋಡಲಿ. ನನ್ನ ಹೆಸರ ಅಷ್ಟ ಇಳಸ್ರಿ.”

“ಬಾಯಾರ, ಹಂಗನಬ್ಯಾಡ್ರಿ...”

“ಇಷ್ಟ ವರ್ಷ ನನ್ನ ಅಕ್ಷರದ ಮ್ಯಾಲ ಇನ್ನೊಬ್ಬರ ಹೆಸರ ಇತ್ತು. ಅದರ ಉರಿ ನನಗ ಗೊತ್ತೈತಿ. ಈಗ ಇನ್ಯಾರದೋ ಅಕ್ಷರದ ಮ್ಯಾಲ ನನ್ನ ಹೆಸರ ಹಾಕ್ತೀರಿ? ಆ ಪಾಪದವರು ಎಲ್ಲಿ ಕುಂತು ಚುಕ್ಕಿ ತುಂಬಿದರೋ ಏನೋ.”

ಗುರುಪಾದ ಸ್ಟೂಲು ಹತ್ತಿ ಬ್ಯಾನರಿನ ದಾರ ಬಿಚ್ಚಿದ. ಬಾಯಿಯವರು ಆ ಚಿಪ್ಪು ತಮಗೆ ಬೇಕು ಎಂದರು. ನಾನು ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಎತ್ತಿ, ಕಾಲು ಸೊಟ್ಟಗಾಗದಂತೆ ಅವರ ಅಂಗೈಯಲ್ಲಿಟ್ಟೆ. ಹಳೆಯ ಅಭ್ಯಾಸದಿಂದ ಚೀಲದಲ್ಲಿದ್ದ ಕಪ್ಪು ಟೇಪು ತೆಗೆದು ಕಿಂಡಿಗೆ ಅಂಟಿಸಲು ಹೋದೆ.

“ಇನ್ನ ಇದಕ್ಕ ಬಿಸಲ ಬಿದ್ದರ ಏನರೆ ಆಗ್ತದೇನ್ರಿ?” ಎಂದು ಕೇಳಿದರು.

ಇಲ್ಲ ಎಂದೆ.

“ಹಂಗಾರ ಬ್ಯಾಡ, ಬಿಡ್ರಿ.”

ಅವರು ಮೆಟ್ಟಿಲಿಳಿದು ಹೋದರು. ನಾನು ಕಿಟಕಿಗೆ ಬಂದೆ. ಸ್ಟೇಷನ್ ರಸ್ತೆಯಲ್ಲಿ ಬಿಸಿಲು ಕಾರುತ್ತಿತ್ತು. ಎದುರಿನ ಅಂಗಡಿಗಳ ಮುಂದೆ ನೆರಳಿಗೆ ಟಾರ್ಪಾಲು ಕಟ್ಟಿದ್ದರು, ಜನ ಅದರಡಿಯಲ್ಲಿ ಒತ್ತಾಗಿ ನಿಂತಿದ್ದರು. ಸುಮಿತ್ರಾ ಬಾಯಿ ಅದರಡಿ ಹೋಗಲಿಲ್ಲ. ಆಟೋಗೆ ಕಾಯುತ್ತ ರಸ್ತೆಯ ಅಂಚಿನಲ್ಲಿ ನಿಂತರು, ಅಂಗೈ ಬಿಚ್ಚಿಕೊಂಡೇ.